ನಳಿಗೆ ಮೊಟಕು ಮಾಡಿಸಿದ ಮೇಲೆ ಗುಂಡು ಚದುರುತ್ತಿದೆಯೆ? .22 ರೈಫಲ್‌ನ ದೋಷ ಹುಡುಕುವ ಬಗೆ

ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ಸೈಡರ್ ಸೇಬಿನ ತೋಟಗಳು ಹೆಚ್ಚು. ಚಳಿಗಾಲದಲ್ಲಿ ಹುಲ್ಲು ಕಡಿಮೆಯಾದಾಗ ಮೊಲಗಳು ಎಳೆಯ ಗಿಡಗಳ ಬುಡಕ್ಕೆ ಬೀಳುತ್ತವೆ. ತೊಗಟೆಯನ್ನು ಸುತ್ತಲೂ ಕೆರೆದು ತಿಂದವೆಂದರೆ ಆ ಗಿಡ ಮುಗಿದ ಹಾಗೆ. ಕೊಡಗಿನ ಕಾಫಿ ತೋಟದ ಮನೆಯಲ್ಲಿ, ಆಯುಧ ಪೂಜಿಸುವ ಕೈಲ್ ಮುಹೂರ್ತ ಹಬ್ಬದಂದು ಕೋವಿಯ ಬಾಯಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡುತ್ತ ಬೆಳೆದವನು ನಾನು. ಇಲ್ಲಿ ಪರಿಚಯದ ಇಬ್ಬರು ರೈತರ ತೋಟಗಳಲ್ಲಿ ಮೊಲ ಹತೋಟಿಯಲ್ಲಿಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗಿದೆ. ಪಕ್ಕದಲ್ಲೇ ಕುದುರೆ ಲಾಯ ಇರುವುದರಿಂದ .22 ರೈಫಲ್‌ಗೆ ಮಾಡರೇಟರ್ ಹಾಕಿಕೊಂಡೇ ಹೋಗುತ್ತೇನೆ. ನಳಿಗೆಯ ತುದಿಗೆ ಹಾಕಿ ಗುಂಡಿನ ಸದ್ದು ತಗ್ಗಿಸುವ ಕೊಳವೆ ಅದು. ಅಮೆರಿಕದವರು ಸಪ್ರೆಸರ್ ಅನ್ನುವುದನ್ನೇ ಇಲ್ಲಿನವರು ಮಾಡರೇಟರ್ ಅನ್ನುತ್ತಾರೆ.

ನನ್ನ ರೈಫಲ್‌ನ ನಳಿಗೆ ಮೊದಲು 20 ಇಂಚಿನದಿತ್ತು. ಅದರ ಮುಂದೆ 15 ಸೆಂಟಿಮೀಟರಿನ ಮಾಡರೇಟರ್ ಸೇರಿದರೆ ಸಾಲುಗಳ ನಡುವೆ ತಿರುಗಿಸುವುದೂ ಕಷ್ಟ, ಗಾಡಿಯೊಳಗೆ ಇಡುವುದೂ ಕಷ್ಟ. ಅದಕ್ಕೇ ಒಬ್ಬ ಗನ್‌ಸ್ಮಿತ್ ಬಳಿ ಕೊಟ್ಟು 16 ಇಂಚಿಗೆ ಕತ್ತರಿಸಿ, ಮಾಡರೇಟರ್ ತಿರುಗಿಸಿ ಕೂರಿಸಲು ತುದಿಗೆ ಹೊಸದಾಗಿ ಥ್ರೆಡ್ (ಸ್ಕ್ರೂವಿನಂಥ ಸುತ್ತು) ಹಾಕಿಸಿದೆ. ಕೊಡುವ ಮೊದಲು 50 ಗಜದಲ್ಲಿ ಐದು ಗುಂಡು ಹೊಡೆದರೆ ಅಷ್ಟೂ 15 ಮಿಲಿಮೀಟರಿನ ಆಸುಪಾಸಿನಲ್ಲಿ ಕೂರುತ್ತಿದ್ದವು. ಮರಳಿ ಬಂದ ಮೇಲೆ 50 ಮಿಲಿಮೀಟರ್, ಅದರ ಮೇಲೆ ಒಂದು ಗುಂಡು ಎಲ್ಲೋ. ಮೊಲದ ತಲೆ ಎಷ್ಟು ಚಿಕ್ಕದು ಎಂದು ಯೋಚಿಸಿ. ಈ ಚದುರುವಿಕೆಯಲ್ಲಿ ಹೊಡೆದರೆ ಪ್ರಾಣಿ ಗಾಯಗೊಂಡು ಬಿಲ ಸೇರಿ ನರಳಿ ಸಾಯುತ್ತದೆ. ಹಾಗಾಗಿ ಕಾರಣ ಸಿಗುವವರೆಗೂ ತೋಟಕ್ಕೆ ಹೋಗುವುದಿಲ್ಲ ಎಂದು ರೈತರಿಗೆ ಹೇಳಿ, ಹುಡುಕಲು ಕೂತೆ. ಮೂರು ವಾರ ಹಿಡಿಯಿತು. ಹುಡುಕಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಕತ್ತರಿಸುವುದು ಹೇಗೆ ಎಂಬುದು ಇದರಲ್ಲಿಲ್ಲ. ಅದು ಲೇತ್ ಮುಂದೆ ನಿಂತ, ಪರವಾನಗಿ ಇರುವ ಕೆಲಸಗಾರನ ವಿಷಯ. ಕೆಲಸ ಸರಿಯಾಗಿದೆಯೇ ಎಂದು ಕೋವಿಯ ಒಡೆಯ ತಿಳಿಯುವುದು ಹೇಗೆ ಎನ್ನುವುದಷ್ಟೇ ಇಲ್ಲಿನ ಮಾತು.

ಮೊದಲು ಕಾನೂನು

ಇಲ್ಲಿ ರೈಫಲ್ ಇಟ್ಟುಕೊಳ್ಳಲು 1968ರ ಫೈರ್‌ಆರ್ಮ್ಸ್ ಕಾಯ್ದೆಯ ಪ್ರಕಾರ ಪೊಲೀಸರು ಕೊಡುವ ಸರ್ಟಿಫಿಕೇಟ್ ಬೇಕು. ನನ್ನ ಸರ್ಟಿಫಿಕೇಟಿನಲ್ಲಿ ರೈಫಲ್ ಜೊತೆಗೆ ಮಾಡರೇಟರೂ ದಾಖಲಾಗಿದೆ. ನಳಿಗೆ 30 ಸೆಂಟಿಮೀಟರಿಗಿಂತ, ಅಥವಾ ಇಡೀ ಕೋವಿ 60 ಸೆಂಟಿಮೀಟರಿಗಿಂತ ಮೊಟಕಾದರೆ ಅದು ನಿಷೇಧಿತ ಆಯುಧಗಳ ಪಟ್ಟಿಗೆ ಸೇರುತ್ತದೆ. ನಳಿಗೆಯನ್ನು ಅಳೆಯುವುದು ಮೂತಿಯಿಂದ, ಒಳಗೆ ತೋಟಾದ ಮದ್ದು ಸಿಡಿಯುವ ಜಾಗದವರೆಗೆ. ಕಣ್ಣಿಗೆ ಕಾಣುವ ಹೊರಗಿನ ತುಂಡನ್ನಷ್ಟೇ ಅಳೆದು ಗಾಬರಿಯಾಗುವವರಿದ್ದಾರೆ, ಅಳತೆಯ ರೀತಿ ಅದಲ್ಲ. ನನ್ನದು 16 ಇಂಚು ಅಂದರೆ 40 ಸೆಂಟಿಮೀಟರಿಗೆ ಸ್ವಲ್ಪ ಮೇಲೆ, ತೊಂದರೆಯಿಲ್ಲ. ಇನ್ನೊಂದು ಮಾತು: ಇಲ್ಲಿ ನಳಿಗೆಗಳಿಗೆ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್‌ಗಳ, ಅಂದರೆ ಕೋವಿಯ ಗಟ್ಟಿತನ ಪರೀಕ್ಷಿಸುವ ಸಂಸ್ಥೆಗಳ ಮುದ್ರೆ ಇರುತ್ತದೆ. ನಳಿಗೆ ಮುಟ್ಟುವ ಕೆಲಸಕ್ಕೆ ಮರುಪರೀಕ್ಷೆ ಬೇಕಾಗುತ್ತದೆಯೇ ಎಂದು ಕೊಡುವ ಮೊದಲೇ ಗನ್‌ಸ್ಮಿತ್‌ನನ್ನು ಕೇಳಿ ಬರೆಸಿಕೊಳ್ಳಿ. ಪ್ರೂಫ್ ತಪ್ಪಿದ ಕೋವಿಯನ್ನು ಮಾರುವುದು ಅಪರಾಧ.

ಅಮೆರಿಕದಲ್ಲಿರುವ ನಮ್ಮವರಿಗೆ ಲೆಕ್ಕ ಬೇರೆ. 1934ರ ರಾಷ್ಟ್ರೀಯ ಫೈರ್‌ಆರ್ಮ್ಸ್ ಕಾಯ್ದೆಯಡಿ ರೈಫಲ್ ನಳಿಗೆ 16 ಇಂಚಿಗಿಂತ, ಅಥವಾ ಇಡೀ ಉದ್ದ 26 ಇಂಚಿಗಿಂತ ಕಡಿಮೆಯಾದರೆ ಮುಂಚಿತವಾಗಿ ಸರ್ಕಾರದ ಒಪ್ಪಿಗೆ ಬೇಕು. ಅಲ್ಲಿ ಸರಿಯಾಗಿ 16 ಇಂಚಿಗೆ ಕತ್ತರಿಸಿ ಎಂದು ಹೇಳುವುದೇ ಅಪಾಯ. ಕೂದಲೆಳೆ ತಪ್ಪಿದರೂ ಗೆರೆ ದಾಟಿದ ಹಾಗೆ. ಸಪ್ರೆಸರ್ ಮೇಲಿನ 200 ಡಾಲರ್ ತೆರಿಗೆ 2026ರ ಜನವರಿಯಿಂದ ಸೊನ್ನೆಯಾಗಿದೆ ನಿಜ, ಆದರೆ ನೋಂದಣಿ ಮತ್ತು ಒಪ್ಪಿಗೆ ಹೋಗಿಲ್ಲ.

ಊರಲ್ಲಿ ಇದನ್ನು ಓದುವವರಿಗೆ ಒತ್ತಿ ಹೇಳಬೇಕು. 1959ರ ಆಯುಧ ಕಾಯ್ದೆಯ 6ನೇ ಕಲಮಿನ ಪ್ರಕಾರ ಅದಕ್ಕೆಂದೇ ಪಡೆದ ಲೈಸೆನ್ಸ್ ಇಲ್ಲದೆ ಯಾವ ಕೋವಿಯ ನಳಿಗೆಯನ್ನೂ ಮೊಟಕು ಮಾಡುವ ಹಾಗಿಲ್ಲ. ಸದ್ದು ಅಡಗಿಸುವ ಸಾಧನವನ್ನೂ ಆ ಕಾಯ್ದೆ ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ 2029ರ ತನಕ ಇರುವ ವಿನಾಯಿತಿ ಕೋವಿ ಹೊಂದುವುದಕ್ಕೆ, ಕತ್ತರಿಸುವುದಕ್ಕಲ್ಲ. ಊರಿನ ಕುಲುಮೆಯಲ್ಲೋ ಲೇತ್ ಅಂಗಡಿಯಲ್ಲೋ ಇದನ್ನು ಮಾಡಿಸುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಇಲ್ಲಿಗೇ ಬಿಟ್ಟುಬಿಡಿ.

ಇನ್ನೊಂದು ಗುಂಡು ಹೊಡೆಯುವ ಮೊದಲು

ಮ್ಯಾಗಝೀನ್ ತೆಗೆಯಿರಿ, ಬೋಲ್ಟ್ ಹೊರಗೆಳೆಯಿರಿ, ಚೇಂಬರ್‌ಗೆ ಕಣ್ಣಿಟ್ಟು ನೋಡಿ, ಕಿರುಬೆರಳಿಂದಲೂ ಮುಟ್ಟಿ ನೋಡಿ. ಹತ್ತು ಸಲ ನೋಡಿದ್ದರೂ ಹನ್ನೊಂದನೆಯ ಸಲ ನೋಡಬೇಕು.

ಬೋಲ್ಟ್ ಕಳಚಿಟ್ಟ ಮೇಲೆ ಮಾಡರೇಟರ್‌ನ ತುದಿಯ ತೂತನ್ನು ಟಾರ್ಚ್ ಹಿಡಿದು ನೋಡಿ. ಆ ತೂತಿನ ಅಂಚು ಸುತ್ತಲೂ ಒಂದೇ ರೀತಿ ಮಸಿಯಾಗಿರಬೇಕು. ಒಂದು ಕಡೆ ಮಾತ್ರ ಹೊಳೆಯುವ ಗೀರು, ಬೂದು ಬಣ್ಣದ ಸೀಸದ ಗೆರೆ, ಅಥವಾ ನಗ್ಗಿದ ಹಾಗೆ ಕಂಡರೆ ಗುಂಡು ತಗುಲುತ್ತಿದೆ ಎಂದರ್ಥ. ಇನ್ನು ಒಂದೇ ಒಂದು ಗುಂಡನ್ನೂ ಮಾಡರೇಟರ್ ಹಾಕಿ ಹೊಡೆಯಬೇಡಿ. ಒಳಗಿನ ಬ್ಯಾಫಲ್ ತಟ್ಟೆಗಳಿಗೆ ಗುಂಡು ಬಡಿದರೆ ಮಾಡರೇಟರ್ ಹರಿದು ಹೋಗಬಹುದು, ಗುಂಡು ಅಂದುಕೊಳ್ಳದ ದಿಕ್ಕಿಗೆ ಹೋಗಬಹುದು. ಟಾರ್ಗೆಟ್ ಕಾಗದದಲ್ಲೂ ಸುಳಿವು ಇರುತ್ತದೆ. ದುಂಡಗಿರಬೇಕಾದ ತೂತು ಬೀಗದ ಕೈ ತೂತಿನ ಹಾಗೆ ಉದ್ದವಾಗಿದ್ದರೆ ಗುಂಡು ಅಡ್ಡಡ್ಡ ಹೊರಳಿಕೊಂಡು ಬಂದಿದೆ.

ನನ್ನದರಲ್ಲಿ ಗಡಿಯಾರದ 7ರ ಜಾಗದಲ್ಲಿ ಉಗುರಿನ ಗೀಚಿನಷ್ಟು ಸಣ್ಣ ಬೂದು ಗೆರೆ ಇತ್ತು. ಮೊದಲ ದಿನವೇ ಕಂಡಿತ್ತು, ಮಸಿ ಅಂದುಕೊಂಡು ಒರೆಸಿ ಬಿಟ್ಟೆ. ಮೂರು ವಾರದ ಅಲೆದಾಟದಲ್ಲಿ ಎರಡು ವಾರ ಆ ಒಂದು ಒರೆಸುವಿಕೆಯಿಂದ ಹೋಯಿತು. ಕಂಡದ್ದನ್ನು ಒರೆಸುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಜರುಗಿದೆಯೋ, ಚದುರಿದೆಯೋ

ಗುಂಡು ಸರಿಯಾಗಿ ಬೀಳುತ್ತಿಲ್ಲ ಎನ್ನುವ ದೂರಿನಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. ಐದು ಗುಂಡೂ ಒತ್ತಾಗಿ ಒಂದೇ ಕಡೆ ಬಿದ್ದಿವೆ, ಆದರೆ ಗುರಿಯಿಂದ ಎರಡು ಬೆರಳು ಕೆಳಗೋ ಪಕ್ಕಕ್ಕೋ ಬಿದ್ದಿವೆ ಎಂದರೆ ಅದು ಜರುಗುವಿಕೆ. ಐದೂ ಐದು ಕಡೆ ಬಿದ್ದಿವೆ ಎಂದರೆ ಚದುರುವಿಕೆ.

ಜರುಗುವಿಕೆ ಸಾಮಾನ್ಯವಾಗಿ ದೋಷವೇ ಅಲ್ಲ. ಗುಂಡು ಹಾರುವಾಗ ನಳಿಗೆ ತಂತಿಯ ಹಾಗೆ ಕಂಪಿಸುತ್ತದೆ. ಅದರ ತುದಿಗೆ ಭಾರ ಸಿಕ್ಕಿಸಿದರೆ ಆ ಕಂಪನ ಬದಲಾಗುತ್ತದೆ, ಉದ್ದ ಬದಲಾದರೂ ಬದಲಾಗುತ್ತದೆ. ಮೊದಲಿನ ಝೀರೋ (ಗುಂಡು ಗುರಿಗೆ ಬೀಳುವಂತೆ ಸ್ಕೋಪ್ ಹೊಂದಿಸಿದ್ದು) ಹೋಯಿತು ಎಂದು ಬೇಸರಪಟ್ಟು ಪ್ರಯೋಜನವಿಲ್ಲ. ಮಾಡರೇಟರ್ ಹಾಕಿಕೊಂಡೇ ಹೋಗುವವರು ಹಾಕಿಕೊಂಡೇ ಸ್ಕೋಪ್ ಹೊಂದಿಸಿಕೊಂಡರೆ ಆಯಿತು. ಹಾಕಿದಾಗ ಒಂದು ಕಡೆ, ತೆಗೆದಾಗ ಇನ್ನೊಂದು ಕಡೆ, ಮತ್ತೆ ಹಾಕಿದಾಗ ಮೊದಲಿನ ಕಡೆಗೇ ಬಂದರೆ ಕೆಲಸ ಚೆನ್ನಾಗಿದೆ ಎಂದೇ ಲೆಕ್ಕ. ಪ್ರತಿ ಸಲ ಬಿಚ್ಚಿ ಹಾಕಿದಾಗಲೂ ಬೇರೆ ಬೇರೆ ಕಡೆ ಹೋದರೆ ಮಾತ್ರ ಜೋಡಣೆಯಲ್ಲಿ ಏನೋ ಇದೆ.

ಇದನ್ನು ತಿಳಿಯಲು ಐದು ಗುಂಡಿನ ಒಂದು ಕಾಗದ ಸಾಲದು. .22ರಂಥ ರಿಮ್‌ಫೈರ್ ತೋಟಾಗಳಲ್ಲಿ ಅಪರೂಪಕ್ಕೊಂದು ತಾನಾಗಿಯೇ ದೂರ ಹೋಗುತ್ತದೆ. ನಾನು ಒಂದೊಂದು ಸ್ಥಿತಿಗೂ ಐದೈದರ ನಾಲ್ಕು ಕಾಗದ ಹೊಡೆದೆ, ಪ್ರತಿಯೊಂದರ ಮೇಲೂ ತಾರೀಖು, ತೋಟಾದ ಪೆಟ್ಟಿಗೆಯ ಲಾಟ್ ಸಂಖ್ಯೆ, ಮಾಡರೇಟರ್ ಇತ್ತೋ ಇಲ್ಲವೋ ಎಂಬುದನ್ನು ಬರೆದಿಟ್ಟೆ. ಆ ಕಾಗದಗಳ ಕಟ್ಟೇ ಕೊನೆಗೆ ನನ್ನ ಪರವಾಗಿ ಮಾತಾಡಿತು.

ಕತ್ತರಿಸಿದ್ದಕ್ಕೆ ಸಂಬಂಧವೇ ಇಲ್ಲದ ಕಾರಣಗಳು

ನಳಿಗೆ ಕೆಲಸ ಮಾಡಿಸಿ ಬಂದ ಮೇಲೆ ತಪ್ಪೆಲ್ಲ ಅದರದೇ ಎನ್ನಿಸುವುದು ಸಹಜ. ಆದರೆ ಆ ಕೆಲಸಕ್ಕಾಗಿ ರೈಫಲನ್ನು ಅದರ ಮರದ ಹಿಡಿಯಿಂದ ಬಿಚ್ಚಿರುತ್ತಾರೆ, ಸ್ಕೋಪ್ ತೆಗೆದಿರುತ್ತಾರೆ, ಮತ್ತೆ ಜೋಡಿಸಿರುತ್ತಾರೆ. ಮಡಿಕೇರಿಯಲ್ಲಿರುವ ನಮ್ಮ ಮಾವನಿಗೆ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ ಅದು: "ಸ್ಕ್ರೂ ನೋಡಿದೆಯಾ ಮಗ? ಎಲ್ಲ ಬಿಗಿ ಮಾಡಿ, ಮೊದಲು ತೋಟಾ ಬದಲಾಯಿಸಿ ನೋಡು. ಕೋವಿಯ ಮೇಲೆ ಆಮೇಲೆ ಅನುಮಾನಪಡು."

ನೋಡಿದರೆ ಕೋವಿಯ ಯಂತ್ರಭಾಗವಾದ ಆ್ಯಕ್ಷನನ್ನು ಮರಕ್ಕೆ ಬಿಗಿಯುವ ಮುಂದಿನ ಸ್ಕ್ರೂ ನಿಜವಾಗಿಯೂ ಸಡಿಲವಿತ್ತು. ತಯಾರಕರ ಕೈಪಿಡಿಯಲ್ಲಿರುವ ಬಿಗಿತಕ್ಕೆ ಟಾರ್ಕ್ ಡ್ರೈವರ್‌ನಿಂದ ಬಿಗಿದೆ. ಗುಂಪು, ಅಂದರೆ ಐದು ಗುಂಡುಗಳು ಹರಡಿದ ಅಗಲ, 50ರಿಂದ 42 ಮಿಲಿಮೀಟರಿಗೆ ಇಳಿಯಿತು. ಒಂದು ಕಾರಣ ಸಿಕ್ಕಿತು, ಆದರೆ ಮುಖ್ಯ ಕಾರಣ ಇನ್ನೂ ಒಳಗೇ ಇದೆ ಎಂದು ಆ ಅಂಕಿಯೇ ಹೇಳಿತು. ಇಂಥ ಕಡೆ ಅನೇಕರು ನಿಲ್ಲಿಸಿಬಿಡುತ್ತಾರೆ.

ನಳಿಗೆ ಮರಕ್ಕೆ ತಾಗದೆ ತೇಲಬೇಕಾದ ರೈಫಲ್ ಆದರೆ ಒಂದು ಕಾಗದದ ಪಟ್ಟಿಯನ್ನು ನಳಿಗೆಯ ಕೆಳಗೆ ತೂರಿಸಿ ಆ್ಯಕ್ಷನ್‌ವರೆಗೂ ಎಳೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಮರ ಒತ್ತುತ್ತಿದೆ. ಸ್ಕೋಪ್ ಮೌಂಟುಗಳನ್ನು ಅಲ್ಲಾಡಿಸಿ ನೋಡಿ. ರಿಮ್‌ಫೈರ್‌ಗೆಂದೇ ಮಾಡದ ಸ್ಕೋಪ್ ಆದರೆ ಪ್ಯಾರಲಾಕ್ಸನ್ನು 100 ಗಜಕ್ಕೆ ಕೂರಿಸಿರುವುದುಂಟು. ಆಗ 50 ಗಜದಲ್ಲಿ ತಲೆ ಸ್ವಲ್ಪ ಜರುಗಿದರೂ ಗುರಿ ಜರುಗುತ್ತದೆ. ರೈಫಲನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಇಟ್ಟು ತಲೆ ಮಾತ್ರ ಮೇಲೆ ಕೆಳಗೆ ಆಡಿಸಿ. ಅಡ್ಡಗೆರೆ ಗುರಿಯ ಮೇಲೆ ಈಜಿದ ಹಾಗೆ ಕಂಡರೆ ಅದು ಇದೇ.

ಇನ್ನು ತೋಟಾ. .22ರ ಸೀಸದ ಗುಂಡಿಗೆ ಮೇಣ ಅಥವಾ ಎಣ್ಣೆ ಸವರಿರುತ್ತಾರೆ, ತಯಾರಕರಿಂದ ತಯಾರಕರಿಗೆ ಅದು ಬೇರೆ. ನಳಿಗೆ ಒಂದಕ್ಕೆ ಒಗ್ಗಿದ ಮೇಲೆ ಇನ್ನೊಂದು ಹಾಕಿದರೆ ಮೊದಲ ಹತ್ತು ಇಪ್ಪತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಗನ್‌ಸ್ಮಿತ್ ನಳಿಗೆಯನ್ನು ಚೊಕ್ಕ ತೊಳೆದು ಕೊಟ್ಟಿದ್ದರೂ ಹಾಗೆಯೇ. ಕತ್ತರಿಸಿದ ನಳಿಗೆ ಮೊದಲು ಇಷ್ಟಪಡುತ್ತಿದ್ದ ತೋಟಾವನ್ನೇ ಈಗಲೂ ಇಷ್ಟಪಡಬೇಕೆಂದಿಲ್ಲ. ಉದ್ದ ಬದಲಾದ ನಳಿಗೆ ಬೇರೆಯೇ ನಳಿಗೆ ಎಂದು ಭಾವಿಸಿ ಮೂರು ನಾಲ್ಕು ಬಗೆ ಹೊಡೆದು ನೋಡಿ. ವೇಗದ ಬಗ್ಗೆ ಚಿಂತೆ ಬೇಡ. .22ರ ಅಷ್ಟಿಷ್ಟು ಮದ್ದು 16 ಇಂಚು ಸಾಗುವಷ್ಟರಲ್ಲಿ ಬಹುಪಾಲು ತನ್ನ ಕೆಲಸ ಮುಗಿಸಿರುತ್ತದೆ.

ನಾನು ನಾಲ್ಕು ಬಗೆ ಹೊಡೆದೆ. ನಾಲ್ಕೂ ಚದುರಿದವು.

ಮಾಡರೇಟರ್ ತೆಗೆದು ಒಂದು ಸಲ

ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ತಿಳಿಸಿಕೊಟ್ಟ ಪರೀಕ್ಷೆ ಇದು, ಖರ್ಚು ಇಪ್ಪತ್ತು ತೋಟಾ. ಮಾಡರೇಟರ್ ಬಿಚ್ಚಿ, ಥ್ರೆಡ್ಡಿಗೆ ಅದರ ಕ್ಯಾಪ್ ಹಾಕಿ, ಕಿವಿಗೆ ಮಫ್ ಹಾಕಿಕೊಂಡು, ಅದೇ ತೋಟಾ, ಅದೇ ಚೀಲ, ಅದೇ ದೂರದಿಂದ ಹೊಡೆಯಿರಿ.

ತೆಗೆದರೂ ಚದುರಿದರೆ ಅನುಮಾನ ನಳಿಗೆಯ ಬಾಯಿಯ ಮೇಲೆ. ಗುಂಡು ನಳಿಗೆಯನ್ನು ಬಿಡುವ ಆ ಕೊನೆಯ ಅಂಚಿಗೆ ಕ್ರೌನ್ ಅನ್ನುತ್ತಾರೆ. ಹಿಂದೆ ನೂಕುತ್ತಿರುವ ಅನಿಲ ಸುತ್ತಲೂ ಒಂದೇ ಕ್ಷಣದಲ್ಲಿ ಹೊರಗೆ ಹೋಗಬೇಕು. ಅಂಚಿನಲ್ಲಿ ಒಂದು ಸಿಬರು ಇದ್ದರೆ, ಅಥವಾ ಅಂಚು ಒಂದು ಕಡೆಗೆ ಓರೆಯಾಗಿದ್ದರೆ ಅನಿಲ ಒಂದು ಕಡೆಯಿಂದ ಮೊದಲು ನುಗ್ಗಿ ಗುಂಡಿನ ಬುಡವನ್ನು ತಳ್ಳುತ್ತದೆ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಬಾಯಿಯೊಳಗಿಂದ ಹೊರಕ್ಕೆ ಮೆಲ್ಲನೆ ಎಳೆದು ಸುತ್ತಲೂ ತಿರುಗಿಸಿ. ಸಿಬರಿದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಇಪ್ಪತ್ತು ಗುಂಡು ಹೊಡೆದ ಮೇಲೆ ಬಾಯಿಯ ಮುಖದಲ್ಲಿ ಮೇಣ ಮತ್ತು ಮಸಿ ಸೇರಿ ನಕ್ಷತ್ರದಂಥ ಗುರುತು ಮೂಡುತ್ತದೆ. ಅದರ ಕಿರಣಗಳು ಸುತ್ತಲೂ ಸಮನಾಗಿದ್ದರೆ ಕ್ರೌನ್ ಚೆನ್ನಾಗಿದೆ, ಒಂದು ಕಡೆ ಉದ್ದವಾಗಿದ್ದರೆ ತೋರಿಸಿಕೊಂಡು ಬನ್ನಿ. ಮನೆಯಲ್ಲಿ ಅರ, ಮರಳು ಕಾಗದ ಹಿಡಿದು ಸರಿಮಾಡಲು ಹೋಗಬೇಡಿ. ಕ್ರೌನ್ ಕೆಡಲು ಅರ ಒಂದು ಸಲ ಜಾರಿದರೆ ಸಾಕು, ಆಮೇಲೆ ಮತ್ತೆ ಕತ್ತರಿಸುವುದೊಂದೇ ದಾರಿ.

ಇನ್ನೊಂದು ಕಾರಣವುಂಟು, ಅದು ಗನ್‌ಸ್ಮಿತ್‌ನ ತಪ್ಪಲ್ಲ. ಕೆಲವು ರಿಮ್‌ಫೈರ್ ನಳಿಗೆಗಳ ಒಳತೂತನ್ನು ಮೂತಿಯ ಬಳಿ ಕೂದಲೆಳೆಯಷ್ಟು ಬಿಗಿ ಮಾಡಿರುತ್ತಾರೆ. ಮೆತ್ತನೆಯ ಸೀಸದ ಗುಂಡು ಕೊನೆಯಲ್ಲಿ ಬಿಗಿಯಾಗಿ ಹಿಡಿಸಿಕೊಂಡು ಹೊರಡಲಿ ಎಂಬುದು ಉದ್ದೇಶ. ನಾಲ್ಕು ಇಂಚು ಕತ್ತರಿಸಿದರೆ ಆ ಬಿಗಿಯೂ ಹೋಗುತ್ತದೆ. ಅಂಥ ನಳಿಗೆಯನ್ನು ಯಾರು ಎಷ್ಟೇ ಚೆನ್ನಾಗಿ ಕತ್ತರಿಸಿದರೂ ಮೊದಲಿನಂತೆ ಹೊಡೆಯದಿರಬಹುದು. ಅದಕ್ಕೇ ಕೊಡುವ ಮೊದಲೇ ಕೇಳಿ, ಮೊದಲಿನ ಗುಂಪಿನ ಕಾಗದ ಇಟ್ಟುಕೊಳ್ಳಿ ಅನ್ನುವುದು. ತಯಾರಕರೇ ಮೊಟಕು ನಳಿಗೆ, ಥ್ರೆಡ್ ಸಮೇತ ಮಾರುವ ರೈಫಲ್‌ಗಳು ಇಲ್ಲಿ ಬೇಕಾದಷ್ಟಿವೆ. ಹೊಸದಾಗಿ ಕೊಳ್ಳುವವರಾದರೆ ಅದೇ ಮೇಲು ಎಂದು ನನಗನಿಸುತ್ತದೆ.

ನನ್ನದು, ಮಾಡರೇಟರ್ ತೆಗೆದ ಮೇಲೆ ನಾಲ್ಕು ಕಾಗದ: 16, 14, 18, 15 ಮಿಲಿಮೀಟರ್. ಮತ್ತೆ ಹಾಕಿದರೆ 40ರ ಮೇಲೆ. ನಳಿಗೆ, ಕ್ರೌನ್, ಸ್ಕೋಪ್, ತೋಟಾ ನಾಲ್ಕೂ ಒಂದೇ ಏಟಿಗೆ ಅನುಮಾನದಿಂದ ಹೊರಬಂದವು. ಒರೆಸಿಬಿಟ್ಟಿದ್ದ ಆ ಬೂದು ಗೆರೆ ಆಗ ನೆನಪಾಯಿತು. ನೋಡಿದರೆ ಅದೇ 7ರ ಜಾಗದಲ್ಲಿ ಮತ್ತೆ ಮೂಡಿತ್ತು. ಮಾಡರೇಟರನ್ನು ಅಲ್ಲಿಗೇ ಬಿಚ್ಚಿಟ್ಟೆ.

ಜೋಡಣೆಯ ಒಳಗುಟ್ಟು

ಮಾಡರೇಟರ್ ನೇರವಾಗಿ ಕೂರುವುದು ಥ್ರೆಡ್ಡಿನಿಂದ ಎಂದು ಬಹಳ ಜನ ತಿಳಿದಿದ್ದಾರೆ. ಥ್ರೆಡ್ ಅದನ್ನು ಎಳೆದು ಹಿಡಿಯುತ್ತದೆ ಅಷ್ಟೆ. ನೇರ ಮಾಡುವುದು ಥ್ರೆಡ್ ಮುಗಿದಲ್ಲಿ ಇರುವ ಚಪ್ಪಟೆ ಮೆಟ್ಟಿಲು, ಶೋಲ್ಡರ್. ಮಾಡರೇಟರ್‌ನ ಹಿಂಬದಿಯ ಮುಖ ಆ ಮೆಟ್ಟಿಲಿಗೆ ಸುತ್ತಲೂ ಸಮನಾಗಿ ಒತ್ತಿಕೊಳ್ಳಬೇಕು.

ಇದರ ಲೆಕ್ಕ ಮಾಡಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ಶೋಲ್ಡರಿನ ಅಗಲ 16 ಮಿಲಿಮೀಟರ್ ಎನ್ನಿ. ಒಂದು ಬದಿಯಲ್ಲಿ 0.05 ಮಿಲಿಮೀಟರ್ ಸಂದು ಉಳಿದಿದೆ, ಅಂದರೆ ತಲೆಗೂದಲಿಗಿಂತ ತೆಳು. 150 ಮಿಲಿಮೀಟರ್ ಉದ್ದದ ಮಾಡರೇಟರ್‌ನ ತುದಿಯಲ್ಲಿ ಆ ಸಂದು ಸುಮಾರು ಅರ್ಧ ಮಿಲಿಮೀಟರ್ ಓರೆಯಾಗಿ ಬೆಳೆದಿರುತ್ತದೆ. ಗುಂಡಿನ ವ್ಯಾಸ 5.7 ಮಿಲಿಮೀಟರ್, ತುದಿಯ ತೂತು ಅದಕ್ಕಿಂತ ಸ್ವಲ್ಪವೇ ದೊಡ್ಡದು. ಹೊರಗೆ ಹೋಗುವ ಗುಂಡು ಅಂಚು ಸವರಿಕೊಂಡೇ ಹೋಗುತ್ತದೆ.

ಸಂದು ಯಾಕೆ ಉಳಿಯುತ್ತದೆ? ಥ್ರೆಡ್ಡಿನೊಳಗೆ ಲೋಹದ ಚೂರು, ಶೋಲ್ಡರಿನ ಮೇಲೆ ಕಪ್ಪು ಬಣ್ಣದ ಗಂಟು, ಒಣಗಿದ ಎಣ್ಣೆ ಇದ್ದರೆ ಬಟ್ಟೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಥ್ರೆಡ್ಡಿನ ಅಳತೆಯೇ ಬೇರೆಯಾಗಿದ್ದರೆ? ಬ್ರಿಟನ್ನಿನಲ್ಲಿ .22ಗೆ ರೂಢಿಯಲ್ಲಿರುವುದು ಅರ್ಧ ಇಂಚಿನ, ಇಂಚಿಗೆ 20 ಸುತ್ತಿನ ಥ್ರೆಡ್. ಅಮೆರಿಕದಲ್ಲಿ ಅದೇ ಅರ್ಧ ಇಂಚು, ಆದರೆ ಇಂಚಿಗೆ 28 ಸುತ್ತು. ಅಗಲ ಒಂದೇ ಆದ್ದರಿಂದ ಒಂದಕ್ಕೊಂದು ಒಂದೆರಡು ಸುತ್ತು ಹತ್ತಿಕೊಂಡು ಆಮೇಲೆ ಬಿಗಿಯುತ್ತದೆ. ಜೋರು ಹಾಕಿ ತಿರುಗಿಸಿದವರ ಥ್ರೆಡ್ ಹಾಳಾಗಿ, ಮಾಡರೇಟರ್ ಓರೆಯಾಗಿ ನಿಲ್ಲುತ್ತದೆ. ಬೇರೆ ದೇಶದಿಂದ ಬಂದ ರೈಫಲ್ ಆದರೆ ಇದನ್ನು ಮೊದಲು ವಿಚಾರಿಸಿ. ಬೆರಳಲ್ಲೇ ನಯವಾಗಿ ಕೊನೆಯವರೆಗೂ ಹೋಗಬೇಕು. ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ನನ್ನದು ಬೆರಳಲ್ಲೇ ಹೋಗುತ್ತಿತ್ತು. ಹಾಗಿದ್ದರೂ ಸಂಶಯ ಬಂದದ್ದು ಬಿಗಿಯುವ ಕೊನೆಯ ಕ್ಷಣದಲ್ಲಿ. ಚೆನ್ನಾಗಿ ಕೂರುವ ಮಾಡರೇಟರ್ ಟಕ್ ಎಂದು ಒಮ್ಮೆಲೇ ನಿಲ್ಲುತ್ತದೆ. ನನ್ನದು ಕೊನೆಯಲ್ಲಿ ಮೆತ್ತಗೆ, ಬೆಲ್ಲದ ಪಾಕದಲ್ಲಿ ಸೌಟು ನಿಂತ ಹಾಗೆ ನಿಲ್ಲುತ್ತಿತ್ತು. ಶೋಲ್ಡರಿಗೆ ಮಾರ್ಕರ್ ಪೆನ್ನಿನಿಂದ ಸುತ್ತಲೂ ನೀಲಿ ಶಾಯಿ ಹಚ್ಚಿ, ಆರಿದ ಮೇಲೆ ಮಾಡರೇಟರ್ ಬಿಗಿದು, ಬಿಚ್ಚಿ ನೋಡಿದೆ. ಒಂದು ಕಡೆ ಶಾಯಿ ಉಜ್ಜಿ ಹೋಗಿತ್ತು, ಇನ್ನೊಂದು ಅರ್ಧ ಹಚ್ಚಿದ ಹಾಗೇ ಉಳಿದಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಅರ್ಧ.

ಕಾಗದದ ಕಟ್ಟು, ಶಾಯಿಯ ಫೋಟೋ, ಮಾಡರೇಟರ್ ಎಲ್ಲ ತೆಗೆದುಕೊಂಡು ಗನ್‌ಸ್ಮಿತ್ ಬಳಿ ಹೋದೆ. ಅವರು ಮೊದಲು ಮಾಡರೇಟರ್ ಮೇಲೆ ಅನುಮಾನಪಟ್ಟರು, ಅದು ನ್ಯಾಯವೇ. ತಮ್ಮಲ್ಲಿದ್ದ ಇನ್ನೊಂದನ್ನು ಹಾಕಿ ನೋಡಿದರು, ಶಾಯಿ ಅದೇ ಅರ್ಧದಲ್ಲಿ ಉಳಿಯಿತು. ಆಮೇಲೆ ನಳಿಗೆಯೊಳಗೆ ಅಳತೆಗೆ ಸರಿಯಾದ ನೇರ ಸರಳು ತೂರಿಸಿದರು. ಬೋಲ್ಟ್ ಇಲ್ಲದ ಖಾಲಿ ರೈಫಲ್‌ನಲ್ಲಿ ಆ ಸರಳು ಮಾಡರೇಟರ್‌ನ ತುದಿಯ ತೂತಿನ ನಡುಮಧ್ಯೆ ಕಾಣಬೇಕು. ನಮ್ಮದರಲ್ಲಿ ಅದು 7ರ ಕಡೆಗೆ ಸರಿದು ನಿಂತಿತ್ತು. ಅವರು ಸುಮ್ಮನೆ ನೋಡುತ್ತ ನಿಂತರು. ಆಮೇಲೆ ತಪ್ಪೊಪ್ಪಿಕೊಂಡರು. ಥ್ರೆಡ್ ಕೊನೆಯ ಸುತ್ತಿನಲ್ಲಿ ಪೂರ್ತಿ ಮುಗಿದಿರಲಿಲ್ಲ, ಮಾಡರೇಟರ್ ಶೋಲ್ಡರ್ ಮುಟ್ಟುವ ಮೊದಲೇ ಆ ಅರೆಬರೆ ಸುತ್ತಿನ ಮೇಲೆ ಹತ್ತಿ ಓರೆಯಾಗುತ್ತಿತ್ತು. ಕೆಲಸ ಉಚಿತವಾಗಿ ಸರಿ ಮಾಡಿಕೊಟ್ಟರು. ಅಳೆದು ಬರೆದ ಕಾಗದ ಇಲ್ಲದೆ ಬರೀ ಬೇಸರ ಹೊತ್ತು ಹೋಗಿದ್ದರೆ ಮಾತು ಇಷ್ಟು ಸಲೀಸಾಗಿ ಮುಗಿಯುತ್ತಿರಲಿಲ್ಲ.

ಸದ್ದಿನ ದೂರುಗಳು

ಗುಂಪು ಸರಿಯಿದೆ, ಸದ್ದು ಮಾತ್ರ ಜೋರು ಎನ್ನುವವರೂ ಇದ್ದಾರೆ. ಮೊದಲ ಗುಂಡು ಮಾತ್ರ ಜೋರಾಗಿ, ಎರಡನೆಯದರಿಂದ ಮೆತ್ತಗಾದರೆ ಅದು ಸಹಜ. ಮಾಡರೇಟರ್ ಒಳಗಿನ ಗಾಳಿಯಲ್ಲಿರುವ ಆಮ್ಲಜನಕ ಸಿಕ್ಕಿ ಮೊದಲ ಗುಂಡಿನ ಬಿಸಿ ಅನಿಲ ಉರಿಯುತ್ತದೆ, ಆಮೇಲೆ ಒಳಗೆ ಉರಿಯಲು ಬೇಕಾದಷ್ಟು ಆಮ್ಲಜನಕ ಇರುವುದಿಲ್ಲ.

ಪ್ರತಿ ಗುಂಡಿಗೂ ಚಾಟಿ ಬೀಸಿದ ಹಾಗೆ ಸದ್ದು ಬಂದರೆ ಅದು ಗುಂಡು ಶಬ್ದದ ವೇಗವನ್ನು ಮೀರುತ್ತಿರುವ ಸದ್ದು. ಅದಕ್ಕೆ ಮಾಡರೇಟರ್ ಏನೂ ಮಾಡಲಾರದು. ಇಲ್ಲಿ ಚಳಿಯ ಪಾತ್ರವಿದೆ, ಬಿಸಿಲಿನ ನಾಡಿನಿಂದ ಬಂದ ನಮಗೆ ಇದು ಹೊಳೆಯುವುದಿಲ್ಲ. 15 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಸೊನ್ನೆಯಲ್ಲಿ 331, ಮೈನಸ್ 5ರಲ್ಲಿ 328. ಸ್ಟ್ಯಾಂಡರ್ಡ್ ಎಂದು ಮಾರುವ ತೋಟಾಗಳಲ್ಲಿ ಕೆಲವು 330ರ ಹತ್ತಿರ ಹೋಗುತ್ತವೆ. ಬೇಸಿಗೆಯಲ್ಲಿ ಸದ್ದಿಲ್ಲದೆ ಹೋಗುತ್ತಿದ್ದ ಅದೇ ಪೆಟ್ಟಿಗೆಯ ತೋಟಾ ಹಿಮ ಬಿದ್ದ ರಾತ್ರಿ ಛಟೀರ್ ಎನ್ನತೊಡಗುತ್ತದೆ. ಕೋವಿ ಕೆಟ್ಟಿಲ್ಲ. ಸಬ್‌ಸಾನಿಕ್ ಎಂದೇ ಬರೆದಿರುವ, 320ರ ಒಳಗಿನ ತೋಟಾ ಹಾಕಿ.

ತಿಂಗಳುಗಟ್ಟಲೆ ಚೆನ್ನಾಗಿದ್ದು ನಿಧಾನವಾಗಿ ಸದ್ದೂ ಹೆಚ್ಚಿ ಗುಂಪೂ ಹರಡಿದರೆ ಮಾಡರೇಟರ್ ತೂಗಿ ನೋಡಿ. .22ರಲ್ಲಿ ಸೀಸ ಮತ್ತು ಮೇಣ ಒಳಗೆ ಗಟ್ಟಿಯಾಗಿ ಕೂರುತ್ತವೆ. ಹೊಸದಿದ್ದಾಗಿನ ತೂಕ ಬರೆದಿಟ್ಟಿದ್ದರೆ ಎಷ್ಟು ಕೂತಿದೆ ಎಂದು ತಿಳಿಯುತ್ತದೆ. ಬಿಚ್ಚಲು ಬರುವ ಮಾದರಿಯಾದರೆ ಕೈಗವಸು ಹಾಕಿ, ಗಾಳಿಯಾಡುವ ಕಡೆ, ಅಡುಗೆಮನೆಯಿಂದ ದೂರ ತೆಗೆದು ಕೆರೆಯಿರಿ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ನೆನೆಹಾಕಿದರೆ ಸೀಸ ಕರಗುತ್ತದೆ ಎಂದು ಹೇಳುವವರಿದ್ದಾರೆ. ಕರಗುವುದು ನಿಜ. ಹಾಗೆ ಹುಟ್ಟುವ ಲೆಡ್ ಅಸಿಟೇಟ್ ನೀರಿನಲ್ಲಿ ಬೆರೆಯುವ ವಿಷ. ಮಕ್ಕಳಿರುವ ಮನೆಯಲ್ಲಿ ಅದನ್ನು ಮಾಡಲೇಬೇಡಿ. ಬಿಚ್ಚಲು ಬಾರದ ಮಾದರಿಯನ್ನು ತಯಾರಕರು ಹೇಳಿದ ರೀತಿಯಲ್ಲೇ ತೊಳೆಯಿರಿ.

ಹೊಡೆದು ಬಂದ ಮೇಲೆ ಮಾಡರೇಟರನ್ನು ರೈಫಲ್ ಮೇಲೇ ಬಿಟ್ಟು ಬೀರುವಿಗೆ ಇಡುವ ಅಭ್ಯಾಸವೂ ಒಳ್ಳೆಯದಲ್ಲ. ಒಳಗಿನ ತೇವ ಮತ್ತು ಮಸಿ ಇಳಿದು ಕ್ರೌನ್ ಮೇಲೆ ಕೂತು ತುಕ್ಕು ಹಿಡಿಸುತ್ತದೆ. ಬಿಚ್ಚಿ, ಒರೆಸಿ, ಬೇರೆಯಾಗಿ ಒಣಗಲು ಬಿಡಿ.

ಸರಿ ಮಾಡಿದ ಮೇಲೆ

ಥ್ರೆಡ್ ಸರಿಪಡಿಸಿ ತಂದ ದಿನ ಮೊದಲು ಶಾಯಿ ಪರೀಕ್ಷೆ ಮಾಡಿದೆ. ಸುತ್ತಲೂ ಒಂದೇ ಸಮ ಉಜ್ಜಿ ಹೋಗಿತ್ತು. ಹಳೆಯ ಮಾಡರೇಟರ್‌ನ ತುದಿಯ ಮುಚ್ಚಳದಲ್ಲಿ ಗೀರು ಬಿದ್ದಿದ್ದರಿಂದ ಅದನ್ನು ತಯಾರಕರಿಗೆ ಕಳಿಸಿ ಒಳಗಿನ ಬ್ಯಾಫಲ್‌ಗಳನ್ನು ತೋರಿಸಿದೆ. ಮುಚ್ಚಳ ಮಾತ್ರ ಬದಲಾಯಿತು. ಅದು ಬಂದ ಮೇಲೆ 50 ಗಜದಲ್ಲಿ ನಾಲ್ಕು ಕಾಗದ ಹೊಡೆದೆ: 15, 17, 14, 16. ಬಿಚ್ಚಿ ಮತ್ತೆ ಹಾಕಿ ಇನ್ನೆರಡು ಹೊಡೆದಾಗಲೂ ಗುಂಪು ಅದೇ ಜಾಗಕ್ಕೆ ಬಂತು. ಸ್ಕೋಪಿನಲ್ಲಿ ನಾಲ್ಕು ಕ್ಲಿಕ್ ಮೇಲೆ, ಒಂದು ಎಡಕ್ಕೆ.

ಆ ವಾರದ ಕೊನೆಗೆ ರೈತರಿಗೆ ಫೋನ್ ಮಾಡಿ ಬರುತ್ತೇನೆ ಎಂದೆ. ಅಷ್ಟರಲ್ಲಿ ಹನ್ನೊಂದು ಗಿಡಗಳ ತೊಗಟೆ ಹೋಗಿತ್ತು.